ಇಲ್‌ಸ್ಟನ್ ಕಣಿವೆಯ ಪ್ರಾರ್ಥನಾಮಂದಿರ



ಬ್ರಿಟನ್ ದ್ವೀಪದ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಬೆಟ್ಟಗುಡ್ಡಗಳ ನಾಡೊಂದಿರುವುದನ್ನು ತಾವೆಲ್ಲರೂ ಬಲ್ಲಿರಿ. ಅದರ ದಕ್ಷಿಣ ತೀರದಲ್ಲಿ, ಸ್ವಾನ್‌ಸೀ ಪಟ್ಟಣಕ್ಕೆ ಪಶ್ಚಿಮವಾಗಿ, ಗವರ್ ಎಂಬ ಸಣ್ಣ ಪರ್ಯಾಯದ್ವೀಪವು ಸಮುದ್ರದೊಳಕ್ಕೆ ಚಾಚಿಕೊಂಡಿರುವುದು. ಸುಣ್ಣಕಲ್ಲಿನ ಬಂಡೆಗಳಿಗೂ ಮರಳಿನ ತೀರಗಳಿಗೂ ಹೆಸರಾದ ಈ ಪ್ರದೇಶದಲ್ಲಿ ಇಲ್‌ಸ್ಟನ್ ಎಂಬ ಒಂದು ಚಿಕ್ಕ ಹಳ್ಳಿಯಿದೆ. ವೇಲ್ಸಿನವರು ತಮ್ಮ ಭಾಷೆಯಲ್ಲಿ ಇದನ್ನು ಹಳೆಯ ಸಂತನಾದ ಇಲ್ತಿದನ ಹೆಸರಿನಿಂದ ಕರೆಯುವರು; ಊರಿನ ಪುರಾತನ ಇಗರ್ಜಿಯೂ ಆ ಸಂತನ ಹೆಸರಿನದೇ. ಹಳ್ಳಿಯಿಂದ ಒಂದು ತೊರೆಯು ಹೊರಟು, ಮರಗಳಿಂದ ದಟ್ಟವಾದ ಇಕ್ಕಟ್ಟಾದ ಕಣಿವೆಯಲ್ಲಿ ಹರಿದು, ಪಾರ್ಕ್‌ಮಿಲ್ ಎಂಬ ಊರಿನ ಬಳಿ ಬಯಲನ್ನು ಸೇರುವುದು. ತೊರೆಯ ದಂಡೆಯ ಕಾಲುದಾರಿಯಲ್ಲಿ ನಡೆದುಹೋಗುವವರಿಗೆ ಕಣಿವೆಯ ಕೆಳಭಾಗದಲ್ಲಿ ಒಂದು ಪಾಳುಬಿದ್ದ ಕಟ್ಟಡವು ಕಣ್ಣಿಗೆ ಬೀಳುವುದು. ಮೇಲೆ ಮಾಡಿಲ್ಲ, ಸುತ್ತಲೂ ತಗ್ಗಾದ ಕಲ್ಲುಗೋಡೆ, ಒಳಗೆ ಒಂದು ನೆನಪಿನ ಕಲ್ಲು. ಇಷ್ಟೇ.

ಈ ಪಾಳುಗೋಡೆಗಳ ವಿಷಯವಾಗಿ ಇಷ್ಟು ಹೊತ್ತು ಮಾತನಾಡುವುದಕ್ಕೆ ಏನಿದೆ ಎಂದು ತಾವು ಕೇಳಬಹುದು. ವೇಲ್ಸಿನಲ್ಲಿ ಬ್ಯಾಪ್ಟಿಸ್ಟರೆಂಬ ಪಂಗಡದವರು ಮೊಟ್ಟಮೊದಲು ಸಭೆಯಾಗಿ ಸೇರಿದುದು ಈ ಕಣಿವೆಯಲ್ಲಿ. ಆ ಸಭೆಯು ಇಲ್ಲಿ ಬದುಕಿದ್ದುದು ಹನ್ನೊಂದೇ ವರ್ಷ. ಆದರೆ ಆ ಹನ್ನೊಂದು ವರ್ಷಗಳ ಕಥೆಯಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಮನುಷ್ಯನು ತನ್ನ ದೇವರನ್ನು ಯಾವ ರೀತಿಯಲ್ಲಿ ಪೂಜಿಸಬೇಕೆಂದು ನಿರ್ಣಯಿಸುವ ಅಧಿಕಾರವು ಅರಸನದೇ, ಊರಿನದೇ, ಅಥವಾ ಆ ಮನುಷ್ಯನದೇ? ಈ ಪ್ರಶ್ನೆಯು ಹಳೆಯದಾದರೂ ಹಳಸಿದುದಲ್ಲ.

ಮೊದಲು ಬ್ಯಾಪ್ಟಿಸ್ಟರೆಂದರೆ ಯಾರೆಂಬುದನ್ನು ಸ್ವಲ್ಪ ವಿವರಿಸಬೇಕಾಗಿದೆ. ಆ ಹೆಸರು ಕನ್ನಡಿಗರಿಗೆ ತೀರ ಅಪರಿಚಿತವಾದುದಲ್ಲ. ೧೮೧೭ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚುಹಾಕಿಸಿದ ವಿಲಿಯಂ ಕೇರಿಯು ಆ ಪಂಗಡದ ಪಾದ್ರಿಯೇ. ಕ್ರೈಸ್ತರಲ್ಲಿ ಬಹುಮಂದಿ ಹುಟ್ಟಿದ ಮಗುವಿಗೆ ತಲೆಯ ಮೇಲೆ ನೀರನ್ನು ಹಾಕಿ ದೀಕ್ಷಾಸ್ನಾನವನ್ನು ಮಾಡಿಸುವರು. ಆ ಮಗುವು ಅಂದಿನಿಂದ ಊರಿನ ಇಗರ್ಜಿಗೆ ಸೇರಿದುದಾಗುವುದು. ಬ್ಯಾಪ್ಟಿಸ್ಟರು ಇದನ್ನು ಒಪ್ಪುವುದಿಲ್ಲ. ಮಾತೇ ಬಾರದ ಕೂಸು ಯಾವ ನಂಬಿಕೆಯನ್ನು ಒಪ್ಪಿಕೊಳ್ಳಬಲ್ಲುದು? ವಯಸ್ಸು ಬಂದು, ಬುದ್ಧಿ ತಿಳಿದು, ತನ್ನ ಬಾಯಿಂದಲೇ ನಂಬಿಕೆಯನ್ನು ಹೇಳಿಕೊಂಡವನಿಗೆ ಮಾತ್ರವೇ, ಅದೂ ನೀರಿನಲ್ಲಿ ಪೂರ್ತಿಯಾಗಿ ಮುಳುಗಿಸಿ, ಈ ಸ್ನಾನವನ್ನು ಮಾಡಿಸತಕ್ಕದ್ದೆಂಬುದು ಅವರ ಮತ.

ಮೇಲುನೋಟಕ್ಕೆ ಇದು ಬರಿಯ ಆಚಾರದ ವ್ಯತ್ಯಾಸವೆಂದು ತೋರಬಹುದು. ಆದರೆ ಆಗಿನ ಕಾಲದಲ್ಲಿ ಇದರ ಪರಿಣಾಮವು ಬಹು ದೊಡ್ಡದಾಗಿದ್ದಿತು. ಏತಕ್ಕೆಂದರೆ, ಹುಟ್ಟಿದವರೆಲ್ಲರೂ ಹುಟ್ಟಿನಿಂದಲೇ ರಾಜಾಂಗದ ಧರ್ಮಸಂಸ್ಥೆಗೆ ಸೇರಿದವರೆಂಬ ತಳಹದಿಯ ಮೇಲೆ ಇಂಗ್ಲೆಂಡು ವೇಲ್ಸುಗಳ ಸಮಾಜವು ನಿಂತಿದ್ದಿತು. ಅರಸನೇ ಧರ್ಮಸಂಸ್ಥೆಗೂ ಒಡೆಯ. ರೈತನು ತನ್ನ ಬೆಳೆಯ ಹತ್ತನೆಯ ಒಂದು ಪಾಲನ್ನು ಊರಿನ ಪಾದ್ರಿಗೆ ಸಲ್ಲಿಸತಕ್ಕದ್ದು. ಇಗರ್ಜಿಗೆ ಹೋಗದವನು ದಂಡ ತೆರತಕ್ಕದ್ದು. ಹೀಗಿರುವಲ್ಲಿ, ಸಭೆಯೆಂಬುದು ಹುಟ್ಟಿನಿಂದ ಬರುವುದಲ್ಲ, ಮನಸ್ಸಿನಿಂದ ಸೇರುವುದು ಎಂದು ಒಬ್ಬನು ಹೇಳಿದರೆ, ಅವನು ಸ್ನಾನದ ಮಾತನ್ನು ಮಾತ್ರ ಆಡಿದಂತಾಗಲಿಲ್ಲ. ರಾಜ್ಯದ ಅಸ್ತಿವಾರದ ಒಂದು ಕಲ್ಲನ್ನೇ ಅಲುಗಿಸಿದಂತಾಯಿತು.

ಇನ್ನು ಕಾಲದ ವಿಷಯ. ೧೬೪೨ರಲ್ಲಿ ಇಂಗ್ಲೆಂಡಿನ ದೊರೆಯಾದ ಒಂದನೆಯ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ ಯುದ್ಧವು ಮೊದಲಾಯಿತು. ದೊರೆಯು ಸೋತನು, ೧೬೪೯ರ ಜನವರಿ ೩೦ರಂದು ಅವನ ಶಿರಚ್ಛೇದವಾಯಿತು. ಅದುವರೆಗೆ ಬಾಯಿ ಬಿಡಲಾರದೆ ಇದ್ದ ಸಣ್ಣ ಪಂಗಡಗಳೆಲ್ಲವೂ ಈ ಗೊಂದಲದ ನಡುವೆ ತಲೆಯೆತ್ತಿದುವು. ಲಂಡನ್ನಿನಲ್ಲಿ ಏಳು ಬ್ಯಾಪ್ಟಿಸ್ಟ್ ಸಭೆಗಳು ಸೇರಿ ೧೬೪೪ರಲ್ಲಿಯೇ ತಮ್ಮ ನಂಬಿಕೆಯ ಪ್ರಕಟನೆಯನ್ನು ಹೊರಡಿಸಿದ್ದುವು. ಆದರೆ ವೇಲ್ಸು ದೂರದ ನಾಡು, ದಾರಿ ಕಷ್ಟವಾದುದು, ಜನರು ಬಹುಮಟ್ಟಿಗೆ ದೊರೆಯ ಪಕ್ಷದವರು. ಅಲ್ಲಿ ರಾಜಾಂಗದ ಇಗರ್ಜಿಯನ್ನು ಬಿಟ್ಟು ಬೇರೆಯಾಗಿ ನಿಂತ ಮೊದಲನೆಯ ಸಭೆಯು ೧೬೩೯ರಲ್ಲಿ ಲಾನ್‌ವಾಕೆಸ್ ಎಂಬ ಹಳ್ಳಿಯಲ್ಲಿ ಹುಟ್ಟಿದ್ದಿತು. ಆದರೆ ಅದು ಬ್ಯಾಪ್ಟಿಸ್ಟರದಾಗಿರಲಿಲ್ಲ.

ದೊರೆಯ ತಲೆ ಉರುಳಿದ ಅದೇ ವರ್ಷದ ವಸಂತಕಾಲದಲ್ಲಿ ಜಾನ್ ಮೈಲ್ಸ್ ಎಂಬುವನು ಥಾಮಸ್ ಪ್ರೌಡ್ ಎಂಬ ಗೆಳೆಯನೊಡನೆ ವೇಲ್ಸಿನಿಂದ ಲಂಡನ್ನಿಗೆ ಹೋದನು. ಮೈಲ್ಸನು ವೇಲ್ಸಿನ ಗಡಿಗೆ ಹೊಂದಿಕೊಂಡಿರುವ ಹೆರಿಫರ್ಡ್ ಪ್ರಾಂತದವನು. ಸುಮಾರು ೧೬೨೧ರಲ್ಲಿ ಹುಟ್ಟಿದವನು. ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನಲ್ಲಿ ೧೬೩೬ರಲ್ಲಿ ವಿದ್ಯಾರ್ಥಿಯಾಗಿ ಸೇರಿದವನು. ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಗ್ಲಾಸ್ ಹೌಸ್ ಎಂಬಲ್ಲಿ ಬ್ಯಾಪ್ಟಿಸ್ಟ್ ಸಭೆಯೊಂದು ಸೇರುತ್ತಿದ್ದಿತು. ದೂರದ ಕತ್ತಲೆಯ ಸೀಮೆಗಳಿಗೆ ಬೋಧಕರನ್ನು ಕಳುಹಿಸಿಕೊಡಬೇಕೆಂದು ದೇವರನ್ನು ಬೇಡಿಕೊಳ್ಳುತ್ತಿದ್ದ ಆ ಸಭೆಯವರಿಗೆ ಈ ಇಬ್ಬರು ಬಂದುದು ಬೇಡಿದುದಕ್ಕೆ ಬಂದ ಉತ್ತರದಂತೆಯೇ ತೋರಿತು. ಇಬ್ಬರಿಗೂ ದೀಕ್ಷಾಸ್ನಾನವನ್ನು ಮಾಡಿಸಿ, ಮುಂದೆ ನಡೆಯತಕ್ಕ ರೀತಿಯನ್ನು ಬೋಧಿಸಿ, ಹಿಂದಕ್ಕೆ ಕಳುಹಿಸಿಕೊಟ್ಟರು.

ಅವರು ಗವರ್ ಸೀಮೆಗೆ ಹಿಂದಿರುಗಿದ ಮೇಲೆ ಮೊಟ್ಟಮೊದಲು ದೀಕ್ಷಾಸ್ನಾನವನ್ನು ಪಡೆದವರು ಇಬ್ಬರು ಹೆಂಗಸರು: ಜೇನ್ ಲಾಯ್ಡ್, ಎಲಿಜಬೆತ್ ಪ್ರೌಡ್. ಈ ಇಬ್ಬರ ಹೆಸರುಗಳೂ ಸಭೆಯ ದಾಖಲೆಯಲ್ಲಿ ಉಳಿದುಬಂದಿವೆ. ೧೬೪೯ರ ಅಕ್ಟೋಬರ್ ತಿಂಗಳಲ್ಲಿ ಇಲ್‌ಸ್ಟನ್ನಿನಲ್ಲಿ ಸಭೆಯು ಸ್ಥಾಪಿತವಾಯಿತು. ಇದಕ್ಕೂ ಮುಂಚೆ, ೧೬೩೩ರಲ್ಲಿಯೇ, ಗಡಿಸೀಮೆಯ ಓಲ್ಕನ್ ಕಣಿವೆಯಲ್ಲಿ ಬ್ಯಾಪ್ಟಿಸ್ಟರು ಇದ್ದರೆಂದು ಹದಿನೆಂಟನೆಯ ಶತಮಾನದ ಚರಿತ್ರಕಾರನಾದ ಜಾಷುವ ಥಾಮಸನು ಹೇಳಿದ್ದನು. ಆದರೆ ಕ್ರಮವಾಗಿ ಏರ್ಪಟ್ಟು ದಾಖಲೆಯನ್ನು ಬಿಟ್ಟುಹೋದ ಸಭೆಗಳಲ್ಲಿ ಇಲ್‌ಸ್ಟನ್ನಿನದೇ ಮೊದಲನೆಯದೆಂದು ಈಗಿನ ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವರು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಗವರಿನ ದಕ್ಷಿಣ ಭಾಗವು ನಾರ್ಮನ್ ದೊರೆಗಳ ಕಾಲದಿಂದಲೂ ಇಂಗ್ಲಿಷ್ ಮಾತನಾಡುವ ಜನರ ನೆಲೆ. ಇಲ್‌ಸ್ಟನ್ ಸಭೆಯ ದಾಖಲೆಯೂ ಇಂಗ್ಲಿಷಿನಲ್ಲಿಯೇ ಇದೆ. ಮುಂದಿನ ಶತಮಾನಗಳಲ್ಲಿ ವೇಲ್ಸಿನ ಭಾಷೆಗೂ ಹಾಡಿಗೂ ತವರುಮನೆಯಂತಾದ ಪ್ರಾರ್ಥನಾಮಂದಿರಗಳ ಪರಂಪರೆಯಲ್ಲಿ, ಬ್ಯಾಪ್ಟಿಸ್ಟರ ಶಾಖೆಯ ಮೊದಲ ಬೀಜವು ಇಂಗ್ಲಿಷಿನ ನೆಲದಲ್ಲಿ ಬಿದ್ದುದು ಚರಿತ್ರೆಯ ಒಂದು ವಿನೋದವೆನ್ನಬೇಕು.

ಸಭೆಯು ಬೇಗಬೇಗನೆ ಬೆಳೆಯಿತು. ಗವರಿನಿಂದ ಮಾತ್ರವಲ್ಲದೆ ಸ್ವಾನ್‌ಸೀ ಕಡೆಯಿಂದಲೂ ನೆರೆಯ ಕಾರ್ಮಾರ್ದನ್ ಸೀಮೆಯಿಂದಲೂ ಜನರು ಬಂದು ಸೇರಿದರು. ೧೬೬೦ರ ಹೊತ್ತಿಗೆ ಸದಸ್ಯರ ಪಟ್ಟಿಯಲ್ಲಿ ೨೬೧ ಹೆಸರುಗಳಿದ್ದುವು. ಹೇ, ಲಾನ್‌ಹಾರನ್, ಕಾರ್ಮಾರ್ದನ್, ಆಬರ್‌ಗವೆನಿ ಎಂಬ ಊರುಗಳಲ್ಲಿ ಮೂರುನಾಲ್ಕು ವರ್ಷಗಳೊಳಗಾಗಿ ಇನ್ನೂ ನಾಲ್ಕು ಸಭೆಗಳು ಹುಟ್ಟಿಕೊಂಡುವು. ಇವುಗಳ ಪ್ರತಿನಿಧಿಗಳು ಆಗಾಗ್ಗೆ ಒಂದೆಡೆ ಕೂಡಿ, ಶಿಸ್ತು, ಬೋಧಕರ ನೇಮಕ, ಬಡವರ ಪೋಷಣೆ ಮುಂತಾದ ವಿಷಯಗಳನ್ನು ಆಲೋಚಿಸುತ್ತಿದ್ದರು.

ಮೈಲ್ಸನು ಬಿಗಿಯಾದ ಮನುಷ್ಯ. ನಂಬಿಕೆಯಿಂದ ಮುಳುಗುಸ್ನಾನವನ್ನು ಪಡೆಯದವರಿಗೆ, ಅವರು ಎಷ್ಟೇ ಸಜ್ಜನರಾಗಿರಲಿ, ತನ್ನ ಸಭೆಯ ಪ್ರಭುಭೋಜನದ ಪಂಕ್ತಿಯಲ್ಲಿ ಎಡೆಯಿಲ್ಲವೆಂಬುದು ಅವನ ಕಟ್ಟಳೆ. ವೇಲ್ಸಿನ ಇತರ ಸುಧಾರಕರಲ್ಲಿ ಅನೇಕರು ಅಷ್ಟು ಕಟ್ಟುನಿಟ್ಟನ್ನು ಒಪ್ಪಲಿಲ್ಲ. ಪಂಕ್ತಿಭೇದದ ವಾದಗಳು ನಮ್ಮ ದೇಶಕ್ಕೆ ಹೊಸವಲ್ಲವಾದುದರಿಂದ ಇದರ ತೀಕ್ಷ್ಣತೆಯನ್ನು ತಾವು ಸುಲಭವಾಗಿ ಊಹಿಸಿಕೊಳ್ಳಬಲ್ಲಿರಿ. ಸಣ್ಣ ಸಭೆಯು ಉಳಿಯಬೇಕಾದರೆ ಬೇಲಿ ಭದ್ರವಾಗಿರಬೇಕೆಂದು ಒಂದು ಪಕ್ಷ. ಬೇಲಿಯೇ ಬೆಳೆಯಾಗಬಾರದೆಂದು ಇನ್ನೊಂದು ಪಕ್ಷ.

ಇಲ್ಲಿಯವರೆಗೆ ಹೇಳಿದ ಕಥೆಯನ್ನು ಕೇಳಿದವರಿಗೆ, ಮೈಲ್ಸನ ಸಭೆಯು ಹಿಂಸೆಗೊಳಗಾಗಿ ಕಣಿವೆಯಲ್ಲಿ ಅಡಗಿಕೊಂಡೇ ಬೆಳೆಯಿತೆಂಬ ಭಾವನೆಯುಂಟಾಗಬಹುದು. ನಿಜಸ್ಥಿತಿಯು ಹಾಗಿರಲಿಲ್ಲ. ೧೬೫೦ರಲ್ಲಿ ಪಾರ್ಲಿಮೆಂಟು ವೇಲ್ಸಿನಲ್ಲಿ ಸುವಾರ್ತೆಯನ್ನು ಹರಡುವುದಕ್ಕಾಗಿ ಒಂದು ಶಾಸನವನ್ನು ಮಾಡಿ, ೭೧ ಮಂದಿ ಕಮಿಷನರುಗಳನ್ನೂ ೨೫ ಮಂದಿ ಪರೀಕ್ಷಕರನ್ನೂ ನೇಮಿಸಿತು. ಅಯೋಗ್ಯರೆಂದು ಕಂಡುಬಂದ ಪಾದ್ರಿಗಳನ್ನು ತೆಗೆದುಹಾಕುವುದು ಕಮಿಷನರುಗಳ ಕೆಲಸ. ಅವರ ಸ್ಥಾನಕ್ಕೆ ತಕ್ಕವರನ್ನು ಆರಿಸುವುದು ಪರೀಕ್ಷಕರ ಕೆಲಸ. ಹೀಗೆ ಸ್ಥಾನಭ್ರಷ್ಟರಾದ ಪಾದ್ರಿಗಳ ಸಂಖ್ಯೆಯು ೨೭೮ ಎಂದು ಲೆಕ್ಕ. ಜಾನ್ ಮೈಲ್ಸನು ಆ ಪರೀಕ್ಷಕರಲ್ಲಿ ಒಬ್ಬನಾಗಿದ್ದನು. ಇಲ್‌ಸ್ಟನ್ನಿನ ಊರಿಗರ್ಜಿಯೇ ಅವನ ವಶಕ್ಕೆ ಬಂದಿತು. ರಾಜಾಂಗವು ಒದಗಿಸಿದ ವೇತನವನ್ನೂ ಅವನು ಸ್ವೀಕರಿಸಿದನು. ಆ ಶಾಸನದ ಫಲವಾಗಿ ವೇಲ್ಸಿನಲ್ಲಿ ಅರುವತ್ತಕ್ಕೂ ಹೆಚ್ಚು ಪಾಠಶಾಲೆಗಳು ಏರ್ಪಟ್ಟುವೆಂಬುದನ್ನೂ ಇಲ್ಲಿ ಹೇಳತಕ್ಕದ್ದು ನ್ಯಾಯ.

ಅಂದಮೇಲೆ, ಧರ್ಮದಲ್ಲಿ ರಾಜಾಂಗದ ಕೈ ಇರಬಾರದೆಂಬ ತತ್ತ್ವದ ಬೀಜವನ್ನು ಒಡಲಲ್ಲಿ ಇಟ್ಟುಕೊಂಡಿದ್ದ ಸಭೆಯ ನಾಯಕನು, ರಾಜಾಂಗದ ಕೈಯಿಂದಲೇ ಇಗರ್ಜಿಯನ್ನೂ ವೇತನವನ್ನೂ ಪಡೆದನೆಂದಾಯಿತು. ಅವನ ಕಾರಣದಿಂದ ಅನ್ನ ಕಳೆದುಕೊಂಡ ಹಳೆಯ ಪಾದ್ರಿಗಳೂ ಇದ್ದಿರಬೇಕು. ಇದನ್ನು ಮುಚ್ಚಿಟ್ಟು ಹೇಳುವುದು ಚರಿತ್ರೆಯಾಗಲಾರದು. ಕ್ವೇಕರರೇ ಮೊದಲಾದ ಹೊಸ ಪಂಗಡಗಳು ವೇಲ್ಸಿನಲ್ಲಿ ಕಾಣಿಸಿಕೊಂಡಾಗ, ಕಾಲದ ಸೋಂಕಿಗೆ ಮದ್ದೆಂಬ ಅರ್ಥದ ಹೆಸರಿನಿಂದ ಒಂದು ಖಂಡನಗ್ರಂಥವನ್ನು ೧೬೫೬ರಲ್ಲಿ ಈ ಸಭೆಗಳವರು ಹೊರಡಿಸಿದರು. ತಮಗೆ ಬೇಕಾದ ಸ್ವಾತಂತ್ರ್ಯವು ಇತರರಿಗೂ ಬೇಕೆಂಬ ಅರಿವು ಯಾವ ಪಂಗಡಕ್ಕೂ ಒಂದೇ ದಿನದಲ್ಲಿ ಬಂದುದಲ್ಲ.

೧೬೬೦ರಲ್ಲಿ ಚಕ್ರವು ತಿರುಗಿತು. ಇಂಗ್ಲೆಂಡಿನ ಸಿಂಹಾಸನಕ್ಕೆ ಎರಡನೆಯ ಚಾರ್ಲ್ಸನು ಬಂದನು. ಹಿಂದೆ ಸ್ಥಾನ ಕಳೆದುಕೊಂಡಿದ್ದ ಪಾದ್ರಿಗಳಿಗೆ ಅವರ ಇಗರ್ಜಿಗಳು ಮರಳಿ ಕೊಡಲ್ಪಟ್ಟುವು. ಮೈಲ್ಸನು ಇಲ್‌ಸ್ಟನ್ನಿನ ಇಗರ್ಜಿಯಿಂದ ಹೊರಬಿದ್ದನು. ೧೬೬೨ರ ಏಕರೂಪತೆಯ ಶಾಸನವು, ರಾಜಾಂಗದ ಪ್ರಾರ್ಥನಾಪುಸ್ತಕವನ್ನು ಅಕ್ಷರಶಃ ಒಪ್ಪದ ಯಾವ ಬೋಧಕನಿಗೂ ಆ ವರ್ಷದ ಆಗಸ್ಟ್ ೨೪ರಿಂದ ಇಗರ್ಜಿಯಲ್ಲಿ ಸ್ಥಾನವಿಲ್ಲವೆಂದು ವಿಧಿಸಿತು. ೧೬೬೪ರ ಇನ್ನೊಂದು ಶಾಸನದಂತೆ, ಮನೆಯವರನ್ನು ಬಿಟ್ಟು ಐದು ಜನಕ್ಕಿಂತ ಹೆಚ್ಚು ಮಂದಿ ಬೇರೆಯ ರೀತಿಯ ಪೂಜೆಗಾಗಿ ಸೇರಿದರೆ ಅದು ಅಪರಾಧ: ಮೊದಲನೆಯ ಸಲ ಐದು ಪೌಂಡು ದಂಡ, ಇಲ್ಲವೇ ಮೂರು ತಿಂಗಳ ಸೆರೆ, ಎರಡನೆಯ ಸಲ ಅದರ ಇಮ್ಮಡಿ, ಮೂರನೆಯ ಸಲ ಕಡಲಾಚೆಗೆ ಗಡೀಪಾರು, ಅಥವಾ ನೂರು ಪೌಂಡು. ೧೬೬೫ರ ಮತ್ತೊಂದು ಶಾಸನವು, ಸ್ಥಾನಭ್ರಷ್ಟರಾದ ಬೋಧಕರು ತಾವು ಬೋಧಿಸುತ್ತಿದ್ದ ಊರಿಗೆ ಐದು ಮೈಲಿಯ ಒಳಗೆ ಸುಳಿಯಕೂಡದೆಂದಿತು.

ನಾವು ಮೊದಲು ಹೇಳಿದ ಪಾಳುಕಟ್ಟಡವು ಕಥೆಯೊಳಕ್ಕೆ ಬರುವುದು ಇಲ್ಲಿಯೇ. ಕಣಿವೆಯ ತೊರೆಯ ದಡದಲ್ಲಿ ತ್ರಯೇಕತ್ವದ ಬಾವಿಯೆಂಬ ಒಂದು ಪವಿತ್ರವಾದ ಬುಗ್ಗೆಯೂ, ಅದರ ಬಳಿ ಒಂದು ಸಣ್ಣ ಪ್ರಾರ್ಥನಾಮಂದಿರವೂ ಇದ್ದುವು. ಹದಿನಾರನೆಯ ಶತಮಾನದ ಮತಸುಧಾರಣೆಗೂ ಹಿಂದಿನ ಕಟ್ಟಡವದು. ಎಂದರೆ, ಇಡೀ ಬ್ರಿಟನ್ನು ರೋಮಿನ ಪೋಪರಿಗೆ ವಿಧೇಯವಾಗಿದ್ದ ಕಾಲದ್ದು. ಇಲ್‌ಸ್ಟನ್ನಿನ ಬ್ಯಾಪ್ಟಿಸ್ಟರು ಆ ಪಾಳುಗೋಡೆಗಳ ನಡುವೆ ಸೇರಿ ಪ್ರಾರ್ಥನೆ ಮಾಡುತ್ತಿದ್ದರೆಂದು ಜನರು ಪರಂಪರೆಯಿಂದ ಹೇಳಿಕೊಂಡು ಬಂದಿರುವರು. ಮರಗಳ ಮರೆ, ಜನಸಂಚಾರವಿಲ್ಲದ ಕಣಿವೆ, ಸ್ನಾನಕ್ಕೆ ಹತ್ತಿರವೇ ಹರಿಯುವ ನೀರು, ಇವೆಲ್ಲವೂ ಆ ಮಾತಿಗೆ ಒಪ್ಪುವಂತಿವೆ. ಆದರೆ ಇದು ಪರಂಪರೆಯ ಮಾತೇ ಹೊರತು ದಾಖಲೆಯ ಮಾತಲ್ಲ. ಅಲ್ಲಿ ನಿಲ್ಲಿಸಿರುವ ನೆನಪಿನ ಕಲ್ಲು ಕೂಡ ಇದನ್ನು ಪರಂಪರೆಯೆಂದೇ ಹೇಳುವುದು. ಶಾಸನಕಲ್ಲುಗಳು ಸಾಮಾನ್ಯವಾಗಿ ಇಷ್ಟು ಎಚ್ಚರಿಕೆಯಿಂದ ಮಾತನಾಡುವುದಿಲ್ಲ. ಕಾಲೇಜಿನಲ್ಲಿ ಚರಿತ್ರೆಯನ್ನು ಬೋಧಿಸುವ ನಮ್ಮಂಥವರಿಗೆ ಇದೊಂದು ಮೆಚ್ಚತಕ್ಕ ಗುಣವೆಂದು ತೋರುವುದು.

ಈಗ ಕಥೆಯು ಕಡಲನ್ನು ದಾಟಬೇಕಾಗಿದೆ. ಮೈಲ್ಸನು ತನ್ನವರಲ್ಲಿ ಕೆಲವರೊಡನೆ ಹಡಗನ್ನೇರಿ ಅಮೆರಿಕೆಗೆ ಹೋದನು. ೧೬೬೩ರಲ್ಲಿ ಪ್ಲಿಮತ್ ವಸಾಹತಿನ ರೆಹೋಬೋತ್ ಎಂಬ ಊರಿನಲ್ಲಿ ಏಳು ಮಂದಿ ಸೇರಿ ಹೊಸದಾಗಿ ಸಭೆಯನ್ನು ಕಟ್ಟಿದರು. ರೆಹೋಬೋತ್ ಎಂಬುದು ಬೈಬಲಿನ ಆದಿಕಾಂಡದಲ್ಲಿ ಬರುವ ಒಂದು ಬಾವಿಯ ಹೆಸರು. ತೋಡಿದ ಎರಡು ಬಾವಿಗಳಿಗೆ ನೆರೆಯವರು ಜಗಳ ತೆಗೆದ ಮೇಲೆ, ಇಸಾಕನು ಮೂರನೆಯ ಬಾವಿಯನ್ನು ತೋಡಿದನಂತೆ. ಅದಕ್ಕೆ ಯಾರೂ ಜಗಳವಾಡದಿರಲು, ವಿಶಾಲವಾದ ಎಡೆ ದೊರೆಯಿತೆಂಬ ಅರ್ಥದಲ್ಲಿ ಅದಕ್ಕೆ ರೆಹೋಬೋತ್ ಎಂದು ಹೆಸರಿಟ್ಟನಂತೆ.

ಆದರೆ ಹೆಸರಿನಲ್ಲಿದ್ದ ವೈಶಾಲ್ಯವು ಊರಿನಲ್ಲಿರಲಿಲ್ಲ. ಪ್ಲಿಮತ್ ವಸಾಹತನ್ನು ಕಟ್ಟಿದವರು, ಇಂಗ್ಲೆಂಡಿನ ರಾಜಾಂಗದ ಧರ್ಮಸಂಸ್ಥೆಯ ಕಾಟವನ್ನು ತಾಳಲಾರದೆ ೧೬೨೦ರಲ್ಲಿ ಕಡಲು ದಾಟಿ ಬಂದವರು. ಹಾಗೆ ಬಂದವರ ನ್ಯಾಯಸ್ಥಾನವೇ ೧೬೬೭ರಲ್ಲಿ, ಅನುಮತಿಯಿಲ್ಲದೆ ಸಾರ್ವಜನಿಕ ಸಭೆಯನ್ನು ನಡೆಸಿದುದಕ್ಕಾಗಿ ಮೈಲ್ಸನಿಗೂ ಅವನ ಜೊತೆಗಾರನೊಬ್ಬನಿಗೂ ತಲಾ ಐದು ಪೌಂಡು ದಂಡವನ್ನು ವಿಧಿಸಿತು. ಅತ್ತೆಯಿಂದ ಪಟ್ಟ ಪಾಡನ್ನು ಸೊಸೆಗೆ ತೋರಿಸುವವರ ಕಥೆಯನ್ನು ನಾವು ಮನೆಗಳಲ್ಲಿ ಕೇಳಿರುವೆವು. ಚರಿತ್ರೆಯಲ್ಲಿಯೂ ಅದು ಅಪೂರ್ವವಲ್ಲ. ಆದರೂ ಆ ನ್ಯಾಯಸ್ಥಾನವು ಸಂಪೂರ್ಣವಾಗಿ ಬಾಗಿಲನ್ನು ಮುಚ್ಚಲಿಲ್ಲ. ರೆಹೋಬೋತನ್ನು ಬಿಟ್ಟು ಬೇರೊಂದು ಕಡೆಗೆ ಹೋಗಿ ನೆಲೆಸಬಹುದೆಂದು ಅವರಿಗೆ ಎಡೆಮಾಡಿಕೊಟ್ಟಿತು. ಅದೇ ವರ್ಷ ಅಲ್ಲಿ ಒಂದು ಹೊಸ ಊರು ಹುಟ್ಟಿತು. ಬಿಟ್ಟುಬಂದ ನಾಡಿನ ನೆನಪಿಗಾಗಿ ಅದಕ್ಕೆ ಸ್ವಾನ್‌ಸೀ ಎಂದೇ ಹೆಸರಿಟ್ಟರು.

ಮೈಲ್ಸನೊಡನೆ ಈ ಊರನ್ನು ಕಟ್ಟಿದವರಲ್ಲಿ ಮುಖ್ಯನಾದವನು ಥಾಮಸ್ ವಿಲ್ಲೆಟ್; ನ್ಯೂಯಾರ್ಕ್ ನಗರದ ಮೊದಲನೆಯ ಮೇಯರಾಗಿದ್ದವನು. ಈ ಹೊಸ ಊರಿನ ನಡವಳಿಕೆಯಲ್ಲಿ ಒಂದು ಅಂಶವು ನಮ್ಮ ಕುತೂಹಲವನ್ನು ಕೆರಳಿಸುವುದು. ಊರಿನ ನಿವಾಸಿಗಳನ್ನು ಮೂರು ಅಂತಸ್ತುಗಳಾಗಿ ವಿಂಗಡಿಸಿ, ಭೂಮಿಯನ್ನು ಹಂಚುವಾಗ ಮೊದಲನೆಯ ಅಂತಸ್ತಿನವರಿಗೆ ಮೂರು ಎಕರೆಯಾದರೆ ಎರಡನೆಯವರಿಗೆ ಎರಡು, ಮೂರನೆಯವರಿಗೆ ಒಂದು, ಎಂಬ ಪ್ರಮಾಣವನ್ನು ಗೊತ್ತುಮಾಡಿದರು. ದೇವರ ಮುಂದೆ ಹುಟ್ಟಿನ ಹಕ್ಕಿಲ್ಲವೆಂದು ವಾದಿಸಿ ಕಡಲು ದಾಟಿದವರು, ಹೊಲದ ಮುಂದೆ ಅಂತಸ್ತನ್ನು ಒಪ್ಪಿಕೊಂಡರು! ಕೆಲವು ವರ್ಷಗಳ ಮೇಲೆ ಈ ಏರ್ಪಾಡನ್ನು ರದ್ದು ಮಾಡಲಾಯಿತೆಂಬುದು ಸಮಾಧಾನದ ಸಂಗತಿ. ೧೬೭೩ರಲ್ಲಿ ಊರಿನವರು ಪಾಠಶಾಲೆಯೊಂದನ್ನು ಏರ್ಪಡಿಸಿ, ವರ್ಷಕ್ಕೆ ನಲವತ್ತು ಪೌಂಡು ಸಂಬಳದ ಮೇಲೆ ಮೈಲ್ಸನನ್ನೇ ಉಪಾಧ್ಯಾಯನನ್ನಾಗಿ ನೇಮಿಸಿಕೊಂಡರು.

ಇದಕ್ಕಿಂತಲೂ ಗಂಭೀರವಾದ ಸಂಗತಿ ಬೇರೊಂದಿದೆ. ವಿಶಾಲವಾದ ಎಡೆಯೆಂದು ಇವರು ಕಂಡ ಆ ನೆಲವು ಬರಿದಾದ ನೆಲವಾಗಿರಲಿಲ್ಲ. ವಾಂಪನೋಗ್ ಎಂಬ ಮೂಲನಿವಾಸಿಗಳ ನಾಡಾಗಿದ್ದಿತು. ೧೬೨೧ರಲ್ಲಿ, ಹೊಸದಾಗಿ ಬಂದ ಇಂಗ್ಲಿಷರು ಹಸಿವಿನಿಂದ ಸಾಯುತ್ತಿದ್ದಾಗ, ಅವರೊಡನೆ ಸ್ನೇಹದ ಒಪ್ಪಂದವನ್ನು ಮಾಡಿಕೊಂಡವನು ಆ ಜನರ ನಾಯಕನಾದ ಮಸಸಾಯಿಟ್. ಅವನ ಮಗನಾದ ಮೆಟಕಮನ ಕಾಲಕ್ಕೆ ವಲಸೆಗಾರರ ಊರುಗಳು ಒಂದರ ಪಕ್ಕದಲ್ಲೊಂದು ಎದ್ದು, ಅವನ ಜನರಿಗೆ ಕಾಲಿಡಲು ಎಡೆಯಿಲ್ಲದಂತಾಯಿತು. ೧೬೭೫ರ ಜೂನ್ ತಿಂಗಳಲ್ಲಿ ಯುದ್ಧವು ಸಿಡಿದೆದ್ದಿತು. ಅದರ ಮೊದಲ ಪೆಟ್ಟು ಬಿದ್ದುದು ಸ್ವಾನ್‌ಸೀಯ ಮೇಲೆಯೇ. ಮನೆಗಳು ಸುಟ್ಟುಹೋದುವು, ಜನರು ಸತ್ತರು, ಮೈಲ್ಸನ ಮನೆಯೇ ಸೈನಿಕರ ಠಾಣೆಯಾಯಿತು. ಮರುವರ್ಷ ಮೆಟಕಮನು ಕೊಲ್ಲಲ್ಪಟ್ಟನು. ಅವನ ಜನರಲ್ಲಿ ಅಳಿದುಳಿದವರಲ್ಲಿ ಅನೇಕರನ್ನು ಗುಲಾಮರನ್ನಾಗಿ ದೂರದ ದ್ವೀಪಗಳಿಗೆ ಮಾರಿದರು. ಒಂದು ಕಣಿವೆಯಲ್ಲಿ ಪ್ರಾರ್ಥನೆಗೆ ಎಡೆಯಿಲ್ಲದೆ ಹೊರಟವರು ಇನ್ನೊಬ್ಬರು ಎಡೆಯನ್ನು ಕಳೆದುಕೊಳ್ಳುವುದರಲ್ಲಿ ಪಾಲುಗಾರರಾದರು. ಇದನ್ನು ಹೇಳದೆ ಬಿಟ್ಟರೆ ಇಲ್‌ಸ್ಟನ್ನಿನ ಕಥೆಯು ಕೇಳುವುದಕ್ಕೆ ಇಂಪಾಗುವುದು, ಆದರೆ ಅರ್ಧವಾಗುವುದು.

ಯುದ್ಧಕಾಲದಲ್ಲಿ ಮೈಲ್ಸನು ಬಾಸ್ಟನ್ನಿಗೆ ಹೋಗಿ ಅಲ್ಲಿನ ಬ್ಯಾಪ್ಟಿಸ್ಟ್ ಸಭೆಗೆ ಬೋಧಕನಾಗಿದ್ದು, ಬಳಿಕ ತನ್ನ ಊರಿಗೆ ಹಿಂದಿರುಗಿ, ೧೬೮೩ರಲ್ಲಿ ತೀರಿಕೊಂಡನು. ಅವನು ಕಟ್ಟಿದ ಸಭೆಯು ಇಂದಿಗೂ ಮಸಾಚುಸೆಟ್ಸ್ ಸಂಸ್ಥಾನದ ಸ್ವಾನ್‌ಸೀ ಊರಿನಲ್ಲಿ ನಡೆಯುತ್ತಿದೆ; ಆ ಸಂಸ್ಥಾನದ ಬ್ಯಾಪ್ಟಿಸ್ಟ್ ಸಭೆಗಳಲ್ಲೆಲ್ಲಾ ಅದೇ ಹಳೆಯದು.

ಮೈಲ್ಸನು ವೇಲ್ಸನ್ನು ಬಿಟ್ಟು ಹೊರಟಾಗ ಒಂದು ವಸ್ತುವನ್ನು ಮರೆಯದೆ ಜೊತೆಯಲ್ಲಿ ಒಯ್ದಿದ್ದನು. ಅದು ಸಭೆಯ ದಾಖಲೆಯ ಪುಸ್ತಕ. ಸದಸ್ಯರ ಹೆಸರುಗಳು, ಲಂಡನ್ನಿನಿಂದಲೂ ಐರ್ಲೆಂಡಿನಿಂದಲೂ ಬಂದ ಪತ್ರಗಳು, ಸಭೆಯ ನಿರ್ಣಯಗಳು ಅದರಲ್ಲಿವೆ. ಇಲ್‌ಸ್ಟನ್ ಪುಸ್ತಕವೆಂದು ಪ್ರಸಿದ್ಧವಾದ ಈ ಹಸ್ತಪ್ರತಿಯು ಈಗ ಅಮೆರಿಕೆಯ ಬ್ರೌನ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿದೆ. ವೇಲ್ಸಿನ ರಾಷ್ಟ್ರೀಯ ಪುಸ್ತಕಭಂಡಾರದವರು ೧೯೯೬ರಲ್ಲಿ ಅದನ್ನು ಅಚ್ಚುಮಾಡಿ ಪ್ರಕಟಿಸಿದರು, ಸಂಪಾದಿಸಿದವರು ಬಿ. ಜಿ. ಓವೆನ್ಸ್ ಎಂಬ ವಿದ್ವಾಂಸರು. ಜೇನ್ ಲಾಯ್ಡ್, ಎಲಿಜಬೆತ್ ಪ್ರೌಡ್ ಎಂಬ ಇಬ್ಬರು ಹಳ್ಳಿಯ ಹೆಂಗಸರ ಹೆಸರುಗಳನ್ನು ನಾವು ಇಂದು ಇಷ್ಟು ದೂರದಲ್ಲಿ ಕುಳಿತು ಹೇಳುವುದಕ್ಕೆ ಆ ಪುಸ್ತಕವೇ ಕಾರಣ. ಕಲ್ಲಿನ ಗೋಡೆಯು ಅವರ ಹೆಸರನ್ನು ಉಳಿಸಲಿಲ್ಲ, ಕಾಗದವು ಉಳಿಸಿತು.

ಹಿಂದೆ ಉಳಿದವರ ಗತಿಯೇನಾಯಿತೆಂದು ತಾವು ಕೇಳುವಿರಿ. ೨೬೧ ಜನರಲ್ಲಿ ಕಡಲು ದಾಟಿದವರು ಕೆಲವರೇ. ಉಳಿದವರು ಊರಿನಲ್ಲಿಯೇ ಇದ್ದು ಕಾಲವನ್ನು ಕಾದರು. ಇಲ್‌ಸ್ಟನ್ ಸಭೆಯ ಸದಸ್ಯನಾಗಿದ್ದ ಲೂಯಿಸ್ ಥಾಮಸನೆಂಬುವನು ಚದುರಿಹೋದವರನ್ನು ಒಟ್ಟುಗೂಡಿಸಿ, ಸ್ವಾನ್‌ಸೀ ಕಡೆಯಲ್ಲಿ ಸಭೆಯನ್ನು ಉಳಿಸಿಕೊಂಡನು. ೧೬೬೮ರಲ್ಲಿ, ದಮನದ ಕಾಲದಲ್ಲಿಯೇ, ವೇಲ್ಸಿನ ಪಶ್ಚಿಮ ಭಾಗದ ರಿದ್‌ವಿಲಿಮ್ ಎಂಬಲ್ಲಿ ಇನ್ನೊಂದು ಸಭೆಯು ಹುಟ್ಟಿತು. ೧೬೮೯ರ ಸಹನೆಯ ಶಾಸನವು ಇಂಥ ಸಭೆಗಳಿಗೆ ಬಹಿರಂಗವಾಗಿ ಸೇರುವ ಅವಕಾಶವನ್ನು ಕೊಟ್ಟಿತು. ಅಲ್ಲಿಂದ ಮುಂದೆ ನೂರಾರು, ಆಮೇಲೆ ಸಾವಿರಾರು ಪ್ರಾರ್ಥನಾಮಂದಿರಗಳು ವೇಲ್ಸಿನ ಹಳ್ಳಿಹಳ್ಳಿಯಲ್ಲಿಯೂ ಗಣಿಯ ಕೇರಿಗಳಲ್ಲಿಯೂ ಎದ್ದುವು. ೧೮೫೧ರಲ್ಲಿ ಸರ್ಕಾರದವರು ಒಂದು ಭಾನುವಾರದ ಪೂಜೆಗೆ ಬಂದವರ ಲೆಕ್ಕವನ್ನು ತೆಗೆದಾಗ, ವೇಲ್ಸಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಜನರು ರಾಜಾಂಗದ ಇಗರ್ಜಿಯನ್ನು ಬಿಟ್ಟು ಇಂಥ ಮಂದಿರಗಳಿಗೆ ಹೋಗುತ್ತಿದ್ದರೆಂದು ತಿಳಿದುಬಂದಿತು. ಆದರೂ ಹತ್ತರಲ್ಲೊಂದು ಪಾಲಿನ ತೆರಿಗೆಯು ಆ ಇಗರ್ಜಿಗೇ ಸಲ್ಲುತ್ತಿದ್ದಿತು. ಬಹುಕಾಲದ ಹೋರಾಟವಾದ ಮೇಲೆ ೧೯೧೪ರಲ್ಲಿ ಶಾಸನವಾಗಿ, ೧೯೨೦ರಲ್ಲಿ ಅದು ಜಾರಿಗೆ ಬಂದು, ವೇಲ್ಸಿನಲ್ಲಿ ರಾಜಾಂಗಕ್ಕೂ ಧರ್ಮಸಂಸ್ಥೆಗೂ ಇದ್ದ ಗಂಟು ಬಿಚ್ಚಿತು.

ಈ ಹೋರಾಟದಲ್ಲಿ ಮುಂದಾಳಾಗಿದ್ದವರಲ್ಲಿ ಒಬ್ಬನು ಡೇವಿಡ್ ಲಾಯ್ಡ್ ಜಾರ್ಜ್. ತಂದೆಯನ್ನು ಎಳೆತನದಲ್ಲಿಯೇ ಕಳೆದುಕೊಂಡ ಅವನನ್ನು ಸಾಕಿದವನು ಸೋದರಮಾವನಾದ ರಿಚರ್ಡ್ ಲಾಯ್ಡ್. ಕಸುಬಿನಿಂದ ಚಮ್ಮಾರ, ಭಾನುವಾರ ಬ್ಯಾಪ್ಟಿಸ್ಟರಿಗೆ ಸಮೀಪವಾದ ಒಂದು ಸಣ್ಣ ಪಂಗಡದ ಬೋಧಕ, ಬೋಧನೆಗೆ ಕಾಸು ಮುಟ್ಟಿದವನಲ್ಲ. ಅವನ ಮಡಿಲಲ್ಲಿ ಬೆಳೆದ ಹುಡುಗನು ೧೯೧೬ರಿಂದ ೧೯೨೨ರವರೆಗೆ ಬ್ರಿಟನ್ನಿನ ಪ್ರಧಾನಮಂತ್ರಿಯಾದನು. ೧೯೨೮ರಲ್ಲಿ ಇಲ್‌ಸ್ಟನ್ ಕಣಿವೆಯ ಪಾಳುಮಂದಿರದಲ್ಲಿ ಜಾನ್ ಮೈಲ್ಸನ ನೆನಪಿನ ಕಲ್ಲನ್ನು ಅನಾವರಣ ಮಾಡಿದವನು ಇವನೇ. ಯಾವ ರಾಜ್ಯವು ಒಂದು ಕಾಲದಲ್ಲಿ ಆ ಸಭೆಯನ್ನು ಚದುರಿಸಿತೋ, ಅದೇ ರಾಜ್ಯದ ಚುಕ್ಕಾಣಿಯನ್ನು ಹಿಡಿದಿದ್ದವನು ಬಂದು ಆ ಗೋಡೆಗಳ ನಡುವೆ ತಲೆಬಾಗಿ ನಿಂತನು.

ಆ ದೊಡ್ಡ ಮಂದಿರಗಳ ಕಾಲವೂ ಈಗ ಬಹುಮಟ್ಟಿಗೆ ಇಳಿದಿದೆ. ಸಾವಿರ ಜನರ ಹಾಡಿನಿಂದ ತುಂಬುತ್ತಿದ್ದ ಎಷ್ಟೋ ಕಟ್ಟಡಗಳು ವೇಲ್ಸಿನಲ್ಲಿ ಬಾಗಿಲು ಮುಚ್ಚಿವೆ. ಕೆಲವು ವಾಸದ ಮನೆಗಳಾಗಿವೆ, ಕೆಲವು ಉಗ್ರಾಣಗಳಾಗಿವೆ, ಕೆಲವು ಇಲ್‌ಸ್ಟನ್ನಿನ ಮಂದಿರದಂತೆಯೇ ಪಾಳುಬಿದ್ದಿವೆ. ಇದನ್ನು ಕಂಡು ಮರುಗುವವರು ಅಲ್ಲಿ ಬಹಳ ಮಂದಿ ಇರುವರು. ಅವರ ಮರುಕವು ಸಹಜವಾದುದೇ. ಆದರೆ ಮೊಟ್ಟಮೊದಲನೆಯ ಸಭೆಯ ಕಥೆಯನ್ನು ನೆನೆದರೆ ಒಂದು ಮಾತು ಹೊಳೆಯುವುದು. ಆ ಸಭೆಗೆ ಸ್ವಂತದ ಕಟ್ಟಡವೆಂಬುದೇ ಇರಲಿಲ್ಲ. ಮೊದಲು ಇದ್ದುದು ರಾಜಾಂಗದ ಇಗರ್ಜಿ. ಬಳಿಕ ಪರಂಪರೆಯು ತೋರಿಸುವ ಆಶ್ರಯವು ಅವರು ಒಪ್ಪದಿದ್ದ ಹಳೆಯ ಮತದವರು ಕಟ್ಟಿ ಬಿಟ್ಟುಹೋದ ಪಾಳುಮಂದಿರ. ಅವರದೆಂದು ಹೇಳಿಕೊಳ್ಳಲು ಇದ್ದುದು ಒಂದು ಹೆಸರಿನ ಪಟ್ಟಿ, ಒಂದು ಕಟ್ಟು ಪತ್ರಗಳು, ಒಬ್ಬರಿಗೊಬ್ಬರು ಕೊಟ್ಟುಕೊಂಡ ಮಾತು.

ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇಲ್‌ಸ್ಟನ್ನಿನವರು ಪೂರ್ತಿಯಾದ ಉತ್ತರವನ್ನು ಕೊಡಲಿಲ್ಲ. ಅಧಿಕಾರವು ತಮ್ಮ ಕೈಗೆ ಬಂದಾಗ ಅವರೂ ಅದನ್ನು ಹಿಡಿದರು. ನೆಲವು ಸಿಕ್ಕಿದಾಗ ಅದು ಯಾರದೆಂದು ಸಾಕಷ್ಟು ವಿಚಾರಿಸಲಿಲ್ಲ. ಆದರೂ ನಂಬಿಕೆಯೆಂಬುದು ಅವರವರ ಬಾಯಿಂದಲೇ ಬರತಕ್ಕದ್ದೆಂಬ ಒಂದು ಮಾತನ್ನು ಅವರು ಬಿಡಲಿಲ್ಲ. ಆ ಮಾತಿಗೆ ಅವರು ತೆತ್ತ ಬೆಲೆ ಅವರ ಊರು. ಮುಂದಿನವರಿಗೆ ಸಂದ ಫಲವು ನಾವೆಲ್ಲರೂ ಇಂದು ಸಹಜವೆಂದು ಎಣಿಸಿರುವ ಒಂದು ಹಕ್ಕು. ಗವರಿನ ಕಡೆಗೆ ಹೋಗುವ ಭಾಗ್ಯವು ನಮ್ಮಲ್ಲಿ ಯಾರಿಗಾದರೂ ಒದಗಿದರೆ, ಪಾರ್ಕ್‌ಮಿಲ್ಲಿನಿಂದ ತೊರೆಯ ದಂಡೆಯನ್ನು ಹಿಡಿದು ಸ್ವಲ್ಪ ದೂರ ನಡೆದು, ಆ ತಗ್ಗಾದ ಗೋಡೆಗಳ ನಡುವೆ ಒಂದು ಗಳಿಗೆ ನಿಂತು ಬರುವುದು ವ್ಯರ್ಥವಾಗಲಾರದು.